ಪ್ರೆಸ್ ಕ್ಯಾಮೆರಾಕ್ಕೆ ಹಳೆಯ ಲೆನ್ಸ್: ಗಾಜಿಗಿಂತ ಮೊದಲು ಶಟರ್ ನೋಡಿ

120 ರೋಲ್ ಫಿಲ್ಮ್ ಬಳಸುವ ಗ್ರಾಫಿಕ್ ಕ್ಯಾಮೆರಾ, ಅಂದರೆ ಹಿಂದೆ ಪತ್ರಿಕಾ ಛಾಯಾಗ್ರಾಹಕರು ಬಳಸುತ್ತಿದ್ದ ಪ್ರೆಸ್ ಕ್ಯಾಮೆರಾ, ಕೈಗೆ ಬಂದಿದೆ, ಲೆನ್ಸ್ ಇಲ್ಲ. ಯಾವುದು ಕೊಳ್ಳಬೇಕೆಂಬುದನ್ನು ಹೇಳುವುದು ಕ್ಯಾಮೆರಾವೇ.

ಮೊದಲು ಬೆನ್ನು ತೆಗೆದು, ಫಿಲ್ಮ್ ಮುಂದೆ ಪರದೆಯಂತೆ ಓಡುವ ಶಟರ್ ಇದೆಯೇ ನೋಡಿ. ಸ್ಪೀಡ್ ಗ್ರಾಫಿಕ್‌ನಲ್ಲಿ ಇರುತ್ತದೆ, ಸೆಂಚುರಿ ಗ್ರಾಫಿಕ್‌ನಲ್ಲಿ ಇರುವುದಿಲ್ಲ. ಇದ್ದರೆ ಬರೀ ಲೆನ್ಸ್ ಸಾಕು. ಇಲ್ಲದಿದ್ದರೆ ಲೆನ್ಸ್‌ನಲ್ಲೇ ಶಟರ್ ಬೇಕು. ಇನ್ನೊಂದು ಪ್ರೆಸ್ ಕ್ಯಾಮೆರಾ ಮಾಮಿಯಾ ಪ್ರೆಸ್ ಇದ್ದವರಿಗೆ ಈ ತಲೆನೋವಿಲ್ಲ. ಅದರ ಮೌಂಟಿಗೆ (ಲೆನ್ಸ್ ಕೂರುವ ಜಾಗಕ್ಕೆ) ಹೊಂದುವ ಲೆನ್ಸನ್ನೇ ಹುಡುಕಿದರಾಯಿತು.

ಇನ್ನು ಫೋಕಲ್ ಲೆಂಗ್ತ್. 6×9 ಸೆಂ.ಮೀ. ಚಿತ್ರದ ಕರ್ಣ ಸುಮಾರು 101 ಮಿ.ಮೀ. ಇರುವುದರಿಂದ 100–105 ಮಿ.ಮೀ. ಲೆನ್ಸ್ ಸಹಜ ನೋಟ ಕೊಡುತ್ತದೆ. ನನ್ನ ಓಟು ಕೊಡಾಕ್‌ನ 101 ಮಿ.ಮೀ. ಎಫ್/4.5 ಎಕ್ಟಾರ್‌ಗೆ. ಟೆಸ್ಸಾರ್ ಎಂಬ ಹಳೆಯ ಲೆನ್ಸ್ ವಿನ್ಯಾಸದ ಮಾದರಿಯ ನಾಲ್ಕು ಗಾಜು, ಚಿತ್ರದ ಮೂಲೆಯವರೆಗೂ ನಂಬಬಹುದು. ಮೂರೇ ಗಾಜಿನ ಟ್ರಯಾಪ್ಟಾರ್ ಲೆನ್ಸ್‌ನಲ್ಲಿ ಬೆಳಕಿನ ದ್ವಾರ ಪೂರ್ತಿ ತೆರೆದಾಗ ಚಿತ್ರದ ಅಂಚು ಮೆತ್ತಗಾಗುತ್ತದೆ, ದ್ವಾರ ಕಿರಿದಾದ ಎಫ್/11ರಲ್ಲಿ ಪರವಾಗಿಲ್ಲ. 65 ಮಿ.ಮೀ. ಆಂಗುಲಾನ್‌ನಂಥ ಅಗಲ ಲೆನ್ಸ್ ಹಾಕಿದರೆ ಕ್ಯಾಮೆರಾದ ಮುಂಬಾಗಿಲೇ ಚಿತ್ರದೊಳಗೆ ಇಣುಕಬಹುದು, ಅದನ್ನು ಕೆಳಗಿಳಿಸಬೇಕು.

ಎಕ್ಟಾರ್‌ಗೆ ವಯಸ್ಸು ಮುಚ್ಚಿಡಲು ಬರುವುದಿಲ್ಲ. ಕ್ಯಾಮೆರೋಸಿಟಿ (CAMEROSITY) ಎಂಬ ಪದದ ಹತ್ತು ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 9, ಕೊನೆಗೆ 0 ಎಂದು ಕೊಡಿ: ಸರಣಿ ಸಂಖ್ಯೆಯ ಮುಂದೆ ಇ, ಓ (E, O) ಇದ್ದರೆ 4, 6, ಅಂದರೆ 1946ರ ಲೆನ್ಸ್. ವೃತ್ತದೊಳಗಿನ ಎಲ್ (L) ಗುರುತು ಗಾಜಿನ ಮೇಲೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಇದೆ ಎಂಬುದಕ್ಕೆ ಸಾಕ್ಷಿ. ಕೋಟಿಂಗ್ ಇಲ್ಲದ್ದೂ ನಡೆಯುತ್ತದೆ, ಓರೆ ಬೆಳಕು ತಡೆಯುವ ಹುಡ್ ಮರೆಯಬಾರದು ಅಷ್ಟೆ.

ಈಗ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಶಟರನ್ನು 1 ಸೆಕೆಂಡಿಗಿಟ್ಟು ಒತ್ತಿ, ಕಿವಿಗೊಡಿ. ನಡುವೆ ತಡವರಿಸಿದರೆ ಒಳಗಿನ ಜಿಡ್ಡು ಒಣಗಿದೆ. ಬಿಚ್ಚಿ ಶುಚಿ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಣ್ಣೆ ಬಿಟ್ಟು ಸರಿ ಮಾಡುತ್ತೇನೆನ್ನುವವರಿಂದ ದೂರವಿರಿ, ಎಣ್ಣೆ ಅಲಗುಗಳಿಗೆ ಹರಡಿ ಅವೇ ಅಂಟಿಕೊಳ್ಳುತ್ತವೆ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸುವವರು ಎಕ್ಸ್ (X) ಸಿಂಕ್, ಅಂದರೆ ಶಟರ್ ತೆರೆದಾಗಲೇ ಫ್ಲ್ಯಾಶ್ ಮಿಂಚಿಸುವ ಹೊಂದಾಣಿಕೆ, ಇರುವುದನ್ನೇ ಆರಿಸಿ. ಎಮ್ (M) ಮಾತ್ರ ಇದ್ದರೆ ಅದು ಹಳೆಯ ಬಲ್ಬುಗಳಿಗಾಗಿ ಮಾಡಿದ್ದು. ಅದರಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್, ಶಟರ್ ತೆರೆಯುವ ಮೊದಲೇ ಮಿಂಚಿ ಮುಗಿದಿರುತ್ತದೆ.

ಆಮೇಲೆ ಟಾರ್ಚ್. ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಧೂಳು, ಒಂದೆರಡು ಗೀರು ಲೆಕ್ಕಕ್ಕಿಲ್ಲ. ಒಳಗಿನ ಮಬ್ಬು ಕಾಂಟ್ರಾಸ್ಟ್ ತಿನ್ನುತ್ತದೆ, ಆದರೆ ಎಷ್ಟೋ ಲೆನ್ಸ್‌ಗಳಲ್ಲಿ ಅದು ಒರೆಸಿದರೆ ಹೋಗುತ್ತದೆ. ಗಾಜನ್ನೇ ಕೊರೆದ ಬೂಷ್ಟು ಅಥವಾ ಗಾಜುಗಳನ್ನು ಜೋಡಿಸಿದ ಅಂಟು ಬಿಟ್ಟು ಅಂಚಿನಲ್ಲಿ ಕಾಮನಬಿಲ್ಲು ಕಂಡರೆ ಬೇಡ.

ಹೊಸ ಲೆನ್ಸ್ ಕೂರಿಸಿದ ಮೇಲೆ ಕ್ಯಾಮೆರಾದ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ತೋರಿಸುವ ಸಾಧನ) ನಂಬಬೇಡಿ. ಅದನ್ನೂ, ಲೆನ್ಸ್ ಜಾರುವ ಹಳಿಯ ಮೇಲೆ ಅತಿ ದೂರದ ಫೋಕಸ್‌ಗೆ ಲೆನ್ಸ್ ನಿಲ್ಲಿಸುವ ಇನ್ಫಿನಿಟಿ ತಡೆಗಳನ್ನೂ ಈ ಲೆನ್ಸ್‌ಗೆ ಹೊಂದಿಸುವವರೆಗೆ, ಬೆನ್ನಿನಲ್ಲಿ ಚಿತ್ರ ಮೂಡುವ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್ ನೋಡಿಯೇ ಫೋಕಸ್ ಮಾಡಿ.