ವಾಲ್ಯೂಮ್ ಗ್ಯಾರಂಟಿಯಲ್ಲಿ ಒಂದು ಕಿಲೋದ ಕೂಸು: ನನ್ನ ಅನುಭವ

ಪ್ರತಿ ಉಸಿರಿಗೂ ನಾವು ಇಟ್ಟಷ್ಟೇ ಗಾಳಿ ಹೋಗುವಂತೆ ವೆಂಟಿಲೇಟರ್ ತಾನೇ ಒತ್ತಡ ಏರಿಸಿ ಇಳಿಸುವ ವಿಧಾನ ವಾಲ್ಯೂಮ್ ಗ್ಯಾರಂಟಿ. ಕಫ್ (ಸುತ್ತ ಉಬ್ಬಿ ಸೋರಿಕೆ ತಡೆಯುವ ಪಟ್ಟಿ) ಇಲ್ಲದ, ಸೋರುವ ಉಸಿರಿನ ಟ್ಯೂಬಿನಲ್ಲಿ ಅದು ನಡೆಯುವುದಿಲ್ಲ ಎಂದು ಹೇಳುವವರು ನಮ್ಮ ಘಟಕದಲ್ಲೇ ಇದ್ದರು. ಈಗ ಟ್ಯೂಬ್ ಹಾಕಿದ, ಅವಧಿಗೆ ಮೊದಲೇ ಹುಟ್ಟಿ ಶ್ವಾಸಕೋಶ ಬಲಿಯದ ಪ್ರತಿ ಆರ್‌ಡಿಎಸ್ ಮಗುವಿಗೂ ಮೊದಲು ಹಾಕುವುದು ಅದನ್ನೇ.

ಶುರುವಿಗೆ ಅಸಿಸ್ಟ್ ಕಂಟ್ರೋಲ್ (ಮಗುವಿನ ಪ್ರತಿ ಉಸಿರಿಗೂ ಯಂತ್ರ ಜೊತೆಗೂಡುವ ಕ್ರಮ), ಉಸಿರಿಗೆ ಕಿಲೋಗೆ 5 ಮಿ.ಲೀ. ಗಾಳಿ, ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) 5–6, ಇನ್‌ಸ್ಪಿರೇಟರಿ ಟೈಮ್ (ಗಾಳಿ ಒಳಹೋಗುವ ಹೊತ್ತು) 0.3 ಸೆಕೆಂಡಿನ ಆಸುಪಾಸು, ಬ್ಯಾಕಪ್ ರೇಟ್ (ಮಗು ಉಸಿರಾಡದಿದ್ದರೆ ಯಂತ್ರ ಕೊಡುವ ಉಸಿರು) ನಿಮಿಷಕ್ಕೆ 40. ಮಗು 700 ಗ್ರಾಂ ಒಳಗಿದ್ದರೆ ಕಿಲೋಗೆ 5.5–6 ಮಿ.ಲೀ. ಬೇಕು; ಅಷ್ಟು ಪುಟ್ಟ ಉಸಿರಿನಲ್ಲಿ ಗಾಳಿ ಅಳೆಯುವ ಫ್ಲೋ ಸೆನ್ಸರಿನ ಡೆಡ್ ಸ್ಪೇಸೇ (ಗಾಳಿ ಸುಮ್ಮನೆ ತುಂಬಿಕೊಳ್ಳುವ ಜಾಗ) ದೊಡ್ಡ ಪಾಲು ನುಂಗುತ್ತದೆ. ಪ್ರೆಷರ್ ಲಿಮಿಟ್ ಅನ್ನು ಓಡುತ್ತಿರುವ ಪಿಐಪಿಗಿಂತ (ಉಸಿರು ತುಂಬುವಾಗಿನ ಗರಿಷ್ಠ ಒತ್ತಡ) 5ರಿಂದ 8 ಸೆಂ.ಮೀ. (ನೀರಿನ ಒತ್ತಡದ ಅಳತೆ) ಮೇಲಿಡಿ. ಹತ್ತಿರಕ್ಕೆ ಇಟ್ಟರೆ ಲೋ ವಾಲ್ಯೂಮ್ ಅಲಾರಂ ಬಡಿದುಕೊಳ್ಳುತ್ತಲೇ ಇರುತ್ತದೆ, ರಾತ್ರಿ ಪಾಳಿಯಲ್ಲಿ ಯಾರೋ ಮೋಡ್ ಆಫ್ ಮಾಡಿಬಿಡುತ್ತಾರೆ. ಈ ವಿಧಾನಕ್ಕೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಇಲ್ಲಿಂದಲೇ.

ಸರ್ಫ್ಯಾಕ್ಟಂಟ್ (ಶ್ವಾಸಕೋಶ ಅರಳಿಸುವ ಔಷಧ) ಕೊಟ್ಟ ಮೇಲೆ ಮಾನಿಟರ್ ಮುಂದೆ ನಿಂತು ನೋಡಿ. ಶ್ವಾಸಕೋಶ ಮೆದುವಾದಂತೆ ಪಿಐಪಿ 22ರಿಂದ 15ರ ಸುತ್ತಮುತ್ತ ತಾನಾಗಿ ಇಳಿಯುತ್ತದೆ. ಒತ್ತಡ ಬದಲಾಗದ ಪ್ರೆಷರ್ ಮೋಡಿನಲ್ಲಿ ಅದೇ 22ಕ್ಕೆ ಕಿಲೋಗೆ 8–9 ಮಿ.ಲೀ. ನುಗ್ಗಿ, ರಕ್ತದ ಕಾರ್ಬನ್ ಡೈಆಕ್ಸೈಡ್ 30ಕ್ಕೆ ಕುಸಿದು, ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ನಮಗೆ ಅದು 45–55 ಇದ್ದು ಪಿಎಚ್ 7.22 ದಾಟಿದ್ದರೆ ಸಮಾಧಾನ.

ಸೋರಿಕೆ 40% ಒಳಗಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. 50% ದಾಟಿತೆಂದರೆ ಯಂತ್ರಕ್ಕೆ ಹೊರಬರುವ ಗಾಳಿ ಕಡಿಮೆ ಕಾಣುತ್ತದೆ, ಸುಮ್ಮನೆ ಒತ್ತಡ ಏರಿಸುತ್ತದೆ. ಮೊದಲು ಕತ್ತು ನೇರ ಮಾಡಿ, ಟ್ಯೂಬಿನ ಆಳ ನೋಡಿ, ಆಮೇಲೆ 2.5 ಮಿ.ಮೀ. ಟ್ಯೂಬ್ ತೆಗೆದು 3 ಹಾಕುವ ಯೋಚನೆ. ಟ್ಯೂಬಿಗೆ ಪ್ಲಾಸ್ಟರ್ ಕಟ್ಟುವ ನಮ್ಮ ರೀತಿ ಬರೆದು ತಿಳಿಸುವಂಥದ್ದಲ್ಲ, ಬಂದು ನೋಡಬೇಕು.

ದುಡ್ಡು ಸುರಿಯುವುದು ಸೆನ್ಸರಿಗೆ. ಹಾಟ್‌ವೈರ್ ತಂತಿ ಕೂದಲಿಗಿಂತ ತೆಳು, ಒಂದಕ್ಕೆ ಹಲವು ಸಾವಿರ. ಜೋರು ನಲ್ಲಿ ನೀರು, ಆಕ್ಸಿಜನ್ ಜೆಟ್ ಎರಡೂ ತಾಗಿಸಬೇಡಿ. ಸ್ಪಿರಿಟ್‌ನಲ್ಲಿ ನೆನೆಸಿದರೆ ಕನಿಷ್ಠ ಅರ್ಧ ಗಂಟೆ ಗಾಳಿಗಿಡಿ. ಆವಿ ಉಳಿದಿರುವಾಗ ಕ್ಯಾಲಿಬ್ರೇಟ್ ಮಾಡಿದರೆ ಕಾದ ತಂತಿಯಿಂದ ಬೆಂಕಿ ಹತ್ತಬಹುದು. ಕೇಬಲ್ ಮೇಲ್ಮುಖವಾಗಿರಲಿ, ಇಲ್ಲವಾದರೆ ನೀರಹನಿ ಕೂತು ಅಂಕಿಯೆಲ್ಲ ಸುಳ್ಳಾಗುತ್ತದೆ.

ಯಂತ್ರದಿಂದ ಬೇಗ ಬಿಡಿಸೋಣವೆಂದು ಕಿಲೋಗೆ 3.5 ಮಿ.ಲೀ.ಗೆ ಇಳಿಸಿಯೂ ನೋಡಿದೆವು. ಪಿಐಪಿ 8–9 ತೋರಿಸುತ್ತದೆ, ಚೆನ್ನಾಗಿದೆ ಅನಿಸುತ್ತದೆ. ಹೊದಿಕೆ ಸರಿಸಿದರೆ ಮಗು ಪಕ್ಕೆ ಒಳಗೆಳೆದುಕೊಂಡು, ನಿಮಿಷಕ್ಕೆ 80ರ ಮೇಲೆ ಉಸಿರಾಡುತ್ತಿರುತ್ತದೆ. ಯಂತ್ರ ಕೈಬಿಟ್ಟಿದೆ, ದುಡಿಯುತ್ತಿರುವುದು ಕೂಸು. 4ಕ್ಕಿಂತ ಕೆಳಗೆ ಬೇಡ. ಉಸಿರಾಟ ಚುರುಕಾಗಲು ಕೆಫೀನ್ ಕೊಟ್ಟು, ಆಮ್ಲಜನಕ 30% ಒಳಗಿದ್ದಾಗ ಟ್ಯೂಬ್ ತೆಗೆದು ನೇರ ಸಿಪ್ಯಾಪ್ (ಮೂಗಿನ ಮೂಲಕ ಸತತ ಒತ್ತಡ) 6–7ಕ್ಕೆ ಹಾಕಿ.

ವಾರಗಟ್ಟಲೆ ಟ್ಯೂಬಿನಲ್ಲೇ ಉಳಿದು ಬಿಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಬಲಿತ ಮಗುವಿಗೆ ಈ ಲೆಕ್ಕವೆಲ್ಲ ತಿರುಗುಮುರುಗು. ಕಿಲೋಗೆ 8–10 ಮಿ.ಲೀ., ಇನ್‌ಸ್ಪಿರೇಟರಿ ಟೈಮ್ 0.5–0.6, ರೇಟ್ 20ರ ಆಸುಪಾಸು, ಪೀಪ್ 7–8. ಶ್ವಾಸನಾಳ ಬಿಗಿದಿರುವುದರಿಂದ ರೇಟ್ 40ರಲ್ಲೇ ಬಿಟ್ಟರೆ ಗಾಳಿ ಹೊರಬರಲು ಹೊತ್ತು ಸಾಲದೆ ಒಳಗೇ ಸಿಕ್ಕಿಕೊಳ್ಳುತ್ತದೆ.