ಬೋರ್ ನೀರಿನ ಊರಲ್ಲಿ ಲಕ್ಕಿ ಬ್ಯಾಂಬೂ: ಮೂರು ತುದಿ ಮೂವತ್ತೆಂಟು ಕಡ್ಡಿಯಾದದ್ದು

ಬಾಗೇಪಲ್ಲಿ ಕಡೆ, ಅದೃಷ್ಟಕ್ಕೆ ಅಂತ ನೀರಿನ ಬಟ್ಟಲಲ್ಲಿ ಇಡುವ ಲಕ್ಕಿ ಬ್ಯಾಂಬೂ ಬದುಕಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಗಿಡ ಮಾರಿದ ನರ್ಸರಿಯವನೇ ಹೇಳಿದ್ದ, "ಅಕ್ಕಾ, ಅದು ಆರು ತಿಂಗಳ ಐಟಂ. ಹಳದಿ ಆದ್ರೆ ಎಸೆದು ಇನ್ನೊಂದು ತಗೊಂಡೋಗಿ." ಇವತ್ತು ನನ್ನ ಹೊಲಿಗೆ ಅಂಗಡಿಯ ಟೇಬಲ್ ಮೇಲೆ, ಮನೆ ಹಾಲ್‌ನಲ್ಲಿ, ಮೆಟ್ಟಿಲ ಕೆಳಗೆ ಎಲ್ಲ ಸೇರಿ ಮೂವತ್ತೆಂಟು ಕಡ್ಡಿ ಇವೆ. ಕೊಟ್ಟಿದ್ದು, ಮಾರಿದ್ದು ಬೇರೆ. ಎಲ್ಲಕ್ಕೂ ಮೂಲ ಸಾಯುತ್ತಿದ್ದ ಗಿಡದಿಂದ ಕತ್ತರಿಸಿಕೊಂಡ ಮೂರು ತುದಿ.

2019ರಲ್ಲಿ ನಮ್ಮ ಗೃಹಪ್ರವೇಶಕ್ಕೆ ನಾದಿನಿ ಮೂರು ಕಡ್ಡಿಯ ಗಾಜಿನ ಬಟ್ಟಲು ತಂದುಕೊಟ್ಟಳು. ಎರಡೂವರೆ ತಿಂಗಳಿಗೆ ಹೋಯಿತು. ಅತ್ತೆಗೆ ಭಾರಿ ಬೇಜಾರು. ಹೊಸ ಮನೆಯಲ್ಲಿ ಅದೃಷ್ಟದ ಗಿಡ ಹಳದಿಯಾಗಿ ಸತ್ತರೆ ಅಪಶಕುನ ಅಂತ. ಅವರ ಸಮಾಧಾನಕ್ಕೆ ಏಳು ಕಡ್ಡಿಯದ್ದು ತಂದೆ, ಸುಮಾರು 450 ರೂಪಾಯಿ. ಅದೂ ಹೋಯಿತು. ಆಮೇಲೆ ಬೆಂಗಳೂರಿಗೆ ಹೋದಾಗ ಎರಡು ಅಂತಸ್ತಿನದ್ದು, 800ರ ಹತ್ತಿರ. ಬಸ್ಸಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದೆ. ಬಟ್ಟಲು, ಕಲ್ಲು, ಔಷಧಿ ಎಲ್ಲ ಲೆಕ್ಕ ಹಾಕಿದರೆ ಎರಡು ವರ್ಷದಲ್ಲಿ ಮೂರು ಸಾವಿರಕ್ಕೆ ಕಮ್ಮಿ ಇಲ್ಲ. ಬ್ಲೌಸ್ ಹೊಲಿದು ದುಡಿಯುವವಳಿಗೆ ಅದು ಸಣ್ಣ ಮೊತ್ತವಲ್ಲ.

ಮಾಡದ ಪ್ರಯತ್ನ ಇಲ್ಲ. ನೀರನ್ನು ರಾತ್ರಿಯಿಡೀ ತೆರೆದಿಟ್ಟು ಹಾಕಿ ಅಂದರು, ಇಟ್ಟೆ. ಅದು ಕ್ಲೋರಿನ್ ಹಾರಿಹೋಗಲಿ ಅಂತ ಮಾಡುವುದು. ನಮ್ಮ ಮನೆಗೆ ಬರುವ ಬೋರ್ ನೀರಿಗೆ ಕ್ಲೋರಿನ್ನೇ ಹಾಕಿರುವುದಿಲ್ಲ, ಹಾರುವುದೇನು? ಕುದಿಸಿ ಆರಿಸಿ ಹಾಕಿದೆ, ಇನ್ನೂ ಬೇಗ ಸುಟ್ಟಿತು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿತ್ತು. ಕುದಿದು ನೀರು ಕಮ್ಮಿಯಾದಷ್ಟೂ ಉಳಿದದ್ದರಲ್ಲಿ ಉಪ್ಪು ಗಟ್ಟಿಯಾಗುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ. ಬಲ ಬರಲಿ ಅಂತ 19:19:19 ಗೊಬ್ಬರ ಒಂದು ಚಿಟಿಕೆ ಹಾಕಿದೆ, ವಾರದಲ್ಲಿ ಬಟ್ಟಲ ತುಂಬ ಹಸಿರು ಪಾಚಿ, ಬೇರು ಮೆತ್ತಗೆ. ಕಿಟಕಿಯ ಬಿಸಿಲಿಗೆ ಇಟ್ಟೆ, ಎಲೆ ಸುಟ್ಟುಹೋಯಿತು.

ಹೊಲಿಗೆ ಮಷಿನ್ ಪಕ್ಕ ಕೂತು ಎಲೆಯನ್ನೇ ನೋಡುತ್ತಿದ್ದೆ. ಸುಡುವುದು ಯಾವಾಗಲೂ ತುದಿಯಿಂದ. ತುದಿ ಒಣಹುಲ್ಲಿನ ಬಣ್ಣ, ಅದರ ಕೆಳಗೆ ಸಣ್ಣ ಹಳದಿ ಗೆರೆ, ಅದರ ಕೆಳಗೆ ಚೆನ್ನಾಗಿರುವ ಹಸಿರು. ನೀರು ಕಮ್ಮಿಯಾಗಿ ಒಣಗಿದ ಹಾಗೆ ಕಾಣಲಿಲ್ಲ. ಯೂನಿಫಾರ್ಮ್ ಅಳತೆಗೆ ಬರುವ ನಮ್ಮೂರ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇರುತ್ತದಲ್ಲ, ಅದು ಬೋರ್ ನೀರಿನ ಫ್ಲೋರೈಡ್‌ನಿಂದ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಗಿಡಕ್ಕೂ ಅದೇ ಇರಬಹುದಾ ಅಂತ ಹುಡುಕಿ ಓದಿದೆ. ಇದು ಬಿದಿರೇ ಅಲ್ಲ, ಆಫ್ರಿಕಾದ ಕ್ಯಾಮರೂನ್ ಕಡೆಯ ಡ್ರಸೀನಾ ಅನ್ನುವ ಗಿಡ. ಡ್ರಸೀನಾ ಜಾತಿಗೆ ಫ್ಲೋರೈಡ್ ಆಗುವುದಿಲ್ಲ. ನೀರಿನ ಜೊತೆ ಮೇಲಕ್ಕೆ ಹೋಗಿ ಎಲೆಯ ತುದಿಯಲ್ಲಿ ಕೂತುಬಿಡುತ್ತದೆ. ಅಪಶಕುನವೂ ಅಲ್ಲ, ನನ್ನ ಕೈಗುಣವೂ ಅಲ್ಲ.

ಆಮೇಲಿನದ್ದು ಸರಳ. ಬೋರ್ ನೀರಿನ ಉಪ್ಪು, ಫ್ಲೋರೈಡ್ ಸೋಸಿ ಕೊಡುವ ಶುದ್ಧ ನೀರಿನ ಘಟಕದಲ್ಲಿ ಆಗ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತಿತ್ತು. ನಾವು ಕುಡಿಯುವ ಆ ನೀರನ್ನೇ ಗಿಡಕ್ಕೂ ಹಾಕಿದೆ. ಗಿಡಕ್ಕೆ ದುಡ್ಡಿನ ನೀರಾ ಅಂತ ಮನೆಯಲ್ಲಿ ಎಲ್ಲರೂ ಅಂದರು. ಆಗ ಉಳಿದಿದ್ದ ಗಿಡಗಳಿಗೆ ಒಂದು ಕ್ಯಾನ್ ಮೂರು ವಾರ ಬರುತ್ತಿತ್ತು. ಈಗ ಮಹಡಿಯ ಪೈಪಿಗೆ 200 ಲೀಟರ್ ಡ್ರಮ್ ಇಟ್ಟು ಮಳೆ ನೀರು ಹಿಡಿಯುತ್ತೇನೆ. ಮೊದಲ ಮಳೆ ಬಿಟ್ಟುಬಿಡಬೇಕು, ಮಹಡಿಯ ಧೂಳೆಲ್ಲ ಅದರಲ್ಲೇ ಬರುತ್ತದೆ. ಮುನ್ನೂರು ಚಿಲ್ಲರೆ ಕೊಟ್ಟು, ನೀರಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ತಂದೆ. ಬೋರ್ ನೀರು 1,100ರ ಹತ್ತಿರ, ಘಟಕದ್ದು 50-60, ಮಳೆಯದ್ದು 20ರ ಒಳಗೆ. ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸಲ್ಲ, ಒಟ್ಟು ಕರಗಿರುವ ಉಪ್ಪನ್ನಷ್ಟೇ ತೋರಿಸುತ್ತದೆ. ನನ್ನ ಕೆಲಸಕ್ಕೆ ಅಷ್ಟು ಸಾಕಾಯಿತು.

ಹಳದಿಯಾದ ಕಡ್ಡಿ ಮತ್ತೆ ಹಸಿರಾಗುವುದಿಲ್ಲ. ಕಾಯಬೇಡಿ. ಹಳದಿ ಮುಗಿದು ಇನ್ನೊಂದು ಗೆಣ್ಣು ಮೇಲಕ್ಕೆ, ಗಟ್ಟಿ ಹಸಿರಿನಲ್ಲಿ ಕತ್ತರಿಸಬೇಕು. ಬಟ್ಟೆ ಕತ್ತರಿ ಬೇಡ, ಕಡ್ಡಿ ಜಜ್ಜಿಹೋಗುತ್ತದೆ. ನಾನು ಪ್ರತಿ ಸಲ ಹೊಸ ಬ್ಲೇಡ್ ಉಪಯೋಗಿಸುತ್ತೇನೆ. ಹಾಗೆ ಉಳಿಸಿಕೊಂಡದ್ದೇ ಆ ಮೂರು ತುದಿ. ನೀರಲ್ಲಿಟ್ಟ ಮೇಲೆ ಗೆಣ್ಣಿನ ಹತ್ತಿರ ಮೊದಲು ಸಾಸಿವೆಯಷ್ಟು ಬಿಳಿ ಉಬ್ಬು ಕಂಡಿತು. ನಾಲ್ಕನೇ ವಾರದ ಹೊತ್ತಿಗೆ ಕೇಸರಿ ಬಣ್ಣದ ಬೇರು. ಅತ್ತೆ ಅದನ್ನು ಕೊಳೆತಿದೆ ಅಂದುಕೊಂಡು ಒಂದರ ಬೇರನ್ನೆಲ್ಲ ಉಜ್ಜಿ ತೊಳೆದುಬಿಟ್ಟರು! ಒಳ್ಳೆಯ ಬೇರು ಕೇಸರಿಗೆಂಪಾಗಿಯೇ ಇರುತ್ತದೆ. ಕೊಳೆತದ್ದು ಕಪ್ಪಾಗಿ, ಬೆರಳಿಗೆ ಜಾರುತ್ತದೆ, ವಾಸನೆ ಬರುತ್ತದೆ. ಪುಣ್ಯಕ್ಕೆ ಅದು ಮತ್ತೆ ಬೇರು ಬಿಟ್ಟಿತು.

ತುದಿ ಕತ್ತರಿಸಿದ ಕಡ್ಡಿ ಮತ್ತೆ ಉದ್ದವಾಗಲ್ಲ, ಕೆಳಗಿನ ಗೆಣ್ಣಿಂದ ಚಿಗುರು ಒಡೆಯುತ್ತದೆ. ಆ ಚಿಗುರು ಒಂದು ಗೇಣಾದ ಮೇಲೆ ತೆಗೆದು ಬೇರು ಬರಿಸುವುದು, ಹೀಗೇ ಹೆಚ್ಚಾದವು. ತಾಯಿ ಕಡ್ಡಿಯ ಕತ್ತರಿಸಿದ ಬಾಯಿಗೆ ಮೇಣದಬತ್ತಿಯ ಎರಡು ಹನಿ. ಹತ್ತು ನೆಟ್ಟರೆ ಎಂಟು ಗ್ಯಾರಂಟಿ ಬರುತ್ತವೆ. ಮೊದಲು ನಾಲ್ಕೇ ಬರುತ್ತಿದ್ದವು. ನಡುವೆ ನಾನು ಏನು ಬದಲಾಯಿಸಿದೆ ಅನ್ನುವುದನ್ನು, ತಿಂಗಳಿಗೊಮ್ಮೆ ನೀರಿಗೆ ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬೇರು ಬಂದ ಕಡ್ಡಿ 60 ರೂಪಾಯಿಗೆ ಕೊಡುತ್ತೇನೆ, ಹೋದ ವರ್ಷ ಒಂದು ನಾಮಕರಣಕ್ಕೆ ರಿಟರ್ನ್ ಗಿಫ್ಟ್ ಅಂತ ಇಪ್ಪತ್ತೈದು ಒಟ್ಟಿಗೆ ಹೋದವು. ಕಳೆದ ಮೂರು ಸಾವಿರ ಯಾವಾಗಲೋ ವಾಪಸ್ ಬಂದಿದೆ.

ಮಣ್ಣಲ್ಲೂ ಹಾಕಿ ನೋಡಿದೆ. ನೀರಿಗಿಂತ ದಪ್ಪ ಬರುತ್ತದೆ, ಎಲೆಯೂ ಅಗಲ. ಆದರೆ ಒಂದು ಕುಂಡಕ್ಕೆ ನಮ್ಮವರು ಹೊಲಕ್ಕೆ ತಂದಿದ್ದ ಸೂಪರ್ ಫಾಸ್ಫೇಟ್ ಒಂದು ಹಿಡಿ ಬೆರೆಸಿಬಿಟ್ಟಿದ್ದರು. ತಿಂಗಳಲ್ಲಿ ಅದೇ ತುದಿ ಸುಡುವ ಕಾಟ. ಆ ಗೊಬ್ಬರ ಮಾಡುವ ಕಲ್ಲಿನಲ್ಲೇ ಫ್ಲೋರೈಡ್ ಇರುತ್ತದೆ. ಈಗ ಮಣ್ಣಿನ ಕುಂಡಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮರಳು ಬಿಟ್ಟರೆ ಏನೂ ಇಲ್ಲ.

ಒಂದು ವಿಷಯದಲ್ಲಿ ಸದರ ಬೇಡ: ಸೊಳ್ಳೆ. ಡೆಂಗ್ಯೂ ಸಮಯದಲ್ಲಿ ಮನೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ತೋರಿಸಿದರು, ಬಟ್ಟಲಲ್ಲಿ ನಾಲ್ಕೈದು ಲಾರ್ವಾ ಕುಣಿಯುತ್ತಿದ್ದವು. ಮನೆಯಲ್ಲಿ ಸಣ್ಣ ಮಗು ಇತ್ತು, ಆ ರಾತ್ರಿ ನಿದ್ದೆ ಬರಲಿಲ್ಲ. 2001ರಲ್ಲಿ ಚೀನಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಡಗಲ್ಲಿ ಹೋದ ಇದೇ ಗಿಡದ ನೀರಿನಲ್ಲಿ ಏಷ್ಯನ್ ಟೈಗರ್ ಸೊಳ್ಳೆ ಸಾಗರ ದಾಟಿತ್ತಂತೆ, ಆಮೇಲೆ ಓದಿದೆ. ಅಂದಿನಿಂದ ನೀರಿನ ಮಟ್ಟ ಮುಚ್ಚುವ ಹಾಗೆ ಕಲ್ಲು ತುಂಬುತ್ತೇನೆ, ಪ್ರತಿ ಶುಕ್ರವಾರ ಎಲ್ಲ ಬಟ್ಟಲಿನ ನೀರು ಚೆಲ್ಲಿ ಒಳಗೋಡೆ ಉಜ್ಜಿ ತೊಳೆಯುತ್ತೇನೆ. ಪಾಚಿಗೆ ಲೈನಿಂಗ್ ಬಟ್ಟೆಯ ಚೂರಲ್ಲಿ ಬಟ್ಟಲಿಗೆ ಅಂಗಿ ಹೊಲಿದಿದ್ದೇನೆ. ಬೆಳಕು ಬೀಳಲ್ಲ, ಪಾಚಿ ಕಟ್ಟಲ್ಲ, ನೋಡಲಿಕ್ಕೂ ಚಂದ.

ಸುರುಳಿ ಕಡ್ಡಿಯನ್ನು ಬಗ್ಗಿಸಿ ಕಟ್ಟಿ ಮಾಡುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆಳಕಿನಿಂದಲೇ ಆಗುತ್ತದೆ. ರಟ್ಟಿನ ಡಬ್ಬದ ಒಂದು ಕಡೆ ಮಾತ್ರ ತೆರೆದು ಒಳಗೆ ಗಿಡ ಇಟ್ಟೆ, ಅದು ಬೆಳಕಿನ ಕಡೆ ವಾಲಿದಂತೆಲ್ಲ ಬಟ್ಟಲನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದೆ. ಹದಿನಾಲ್ಕು ತಿಂಗಳಿಗೆ ಒಂದೂವರೆ ಸುತ್ತು ಬಂತು. ಮಧ್ಯೆ ತಂಗಿಯ ಮದುವೆ ಓಡಾಟದಲ್ಲಿ ಒಂದು ತಿಂಗಳು ತಿರುಗಿಸಲಿಲ್ಲ, ಅಲ್ಲಿ ಅಷ್ಟುದ್ದ ನೇರ ನಿಂತಿದೆ. ಈಗ ಎರಡನೇ ಡಬ್ಬ ಇಟ್ಟಿದ್ದೇನೆ, ಮೂರು ಕಡ್ಡಿ. ನೀರು ಬದಲಿಸುವ ಶುಕ್ರವಾರವೇ ತಿರುಗಿಸುವ ದಿನ. ಯಾವ ಕಡೆಗೆ, ಎಷ್ಟು ಅಂತ ಬಟ್ಟಲಿನ ಅಂಗಿಯ ಮೇಲೆ ಟೈಲರ್ ಚಾಕ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.