ಒಂದು ‘ಬೋಲ್ಟ್’ ಬಿಚ್ಚಿದ ಕಥೆ

ಆರೇಳು ವರ್ಷದ ಹಿಂದೆ ಒಂದು ಬೀಜದ ಕಂಪನಿಯ ಮೂಲಂಗಿ ಪೊಟ್ಟಣಕ್ಕೆ ಕನ್ನಡ ಅನುವಾದ ಬರೆದುಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ‘ಸ್ಲೋ ಟು ಬೋಲ್ಟ್’ ಅಂತಿತ್ತು. ರಾತ್ರಿ ಹನ್ನೊಂದೂವರೆ, ಕಣ್ಣು ಎಳೀತಿತ್ತು. ಬೋಲ್ಟ್ ಅಂದರೆ ಓಡುವುದು ಅಂದುಕೊಂಡು ‘ಈ ತಳಿಯ ಓಟ ನಿಧಾನ’ ಅಂತ ಬರೆದು ಮಲಗಿದೆ. ಪೊಟ್ಟಣ ಅಚ್ಚಾಗಿ ಬಂದಿತು. ಓಡುವ ಮೂಲಂಗಿ ನೋಡಿ ರೈತರು ನಕ್ಕರು, ಕಂಪನಿಯವರು ನಗಲಿಲ್ಲ. ನನ್ನ ಬಿಲ್ಲಿನಲ್ಲಿ ಸುಮಾರು ಒಂಬತ್ತು ಸಾವಿರ ಹಿಡಿದುಕೊಂಡರು. ಆಗ ನನ್ನ ದರ ಪದಕ್ಕೆ ಒಂದು ರೂಪಾಯಿ ಹತ್ತು ಪೈಸೆ. ಎಷ್ಟು ಪದ ಮಣ್ಣಾಯಿತು ಅಂತ ನೀವೇ ಲೆಕ್ಕ ಹಾಕಿ.

ಮೂಲಂಗಿ, ಈರುಳ್ಳಿ, ಕೊತ್ತಂಬರಿ ಹೊತ್ತಿಗೆ ಮುಂಚೆ ದಂಟೆದ್ದು ಹೂ ಬಿಡುವುದಕ್ಕೂ ಇಂಗ್ಲಿಷಿನವರು ‘ಬೋಲ್ಟ್’ ಅಂತಲೇ ಅನ್ನುತ್ತಾರೆ. ಗೊತ್ತಿರಲಿಲ್ಲ. ನಿಘಂಟಿನಲ್ಲಿ ಇತ್ತೇನೋ, ಏಳನೆಯದೋ ಎಂಟನೆಯದೋ ಅರ್ಥವಾಗಿ. ಅಷ್ಟು ಕೆಳಗೆ ಯಾರು ಇಳಿಯುತ್ತಾರೆ?

ಅದಕ್ಕೆ ಮೊದಲೇ ಟ್ರ್ಯಾಕ್ಟರ್ ಕೈಪಿಡಿಯೊಂದರಲ್ಲಿ ಶುದ್ಧ ಕನ್ನಡದ ಚಪಲಕ್ಕೆ ಬೋಲ್ಟನ್ನು ‘ಕೀಲು’ ಮಾಡಿದ್ದೆ. ನಮ್ಮ ಗ್ಯಾರೇಜಿನವನು ಓದಿ, “ಸಾರ್, ಹತ್ತು ಎಂಎಂ ಕೀಲಿಗೂ ಹದಿನೇಳರ ಸ್ಪ್ಯಾನರ್ರೇನಾ?” ಅಂದ. ಬೋಲ್ಟು ಬೋಲ್ಟಾಗಿಯೇ ಇರಲಿ ಅಂತ ಅವತ್ತೇ ತೀರ್ಮಾನವಾಯಿತು.

ಮೂಲಂಗಿಯ ಪೆಟ್ಟು ಬಿದ್ದ ಮೇಲೆ ಹಟ ಹಿಡಿಯಿತು. ಸಿಕ್ಕಸಿಕ್ಕ ಕಡೆ ಈ ಪದವಿರುವ ವಾಕ್ಯ ಕಂಡರೆ ಮದುವೆ ಪತ್ರಿಕೆಯ ಹಿಂಭಾಗದಲ್ಲಿ ಬರೆದು ಚಪ್ಪಲಿ ಡಬ್ಬಕ್ಕೆ ಹಾಕುತ್ತಾ ಹೋದೆ. ಹೊಸ ವಿದ್ಯೆಯೇನಲ್ಲ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇಂಥದೇ ಚೀಟಿ ಗುಡ್ಡೆ ಹಾಕಿದ್ದು. ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೂ ಚೀಟಿಯ ಮೇಲೇ ಎದ್ದಿದ್ದು. ಆದರೆ ಒಂದೇ ಪದಕ್ಕೆ ನಾಲ್ಕು ತಿಂಗಳಾ? ನನಗೆ ಈ ಕಸುಬು ಕಲಿಸಿದ ಮೇಷ್ಟ್ರು, “ಅಷ್ಟು ಹೊತ್ತಿಗೆ ಎರಡು ಕಾದಂಬರಿ ಮುಗಿಸಬಹುದಿತ್ತಲ್ಲೋ” ಅಂದರು. ಮನೆಯಲ್ಲಿ ಡಬ್ಬದ ಬಗ್ಗೆ ಬೇರೆಯೇ ಮಾತು.

ಮೊದಲ ಸಲ ನಾಮಪದ ಒಂದು ಕಡೆ, ಕ್ರಿಯಾಪದ ಒಂದು ಕಡೆ ವಿಂಗಡಿಸಿದೆ. ದಂಡ. ಬಾಗಿಲು ಭದ್ರ ಮಾಡುವುದೂ ಬೋಲ್ಟ್, ಬಾಗಿಲು ತೆಗೆದು ಪರಾರಿಯಾಗುವುದೂ ಬೋಲ್ಟ್, ಎರಡೂ ಕ್ರಿಯಾಪದವೇ. ಎರಡನೇ ಸಲ ಅಕ್ಷರಕ್ರಮ. ಅದು ಇನ್ನೂ ದಂಡ.

ದಾರಿ ತೋರಿಸಿದ್ದು ಬಾಣ. ಹಳೆಯ ಇಂಗ್ಲಿಷಿನಲ್ಲಿ ಬೋಲ್ಟ್ ಅಂದರೆ ಗಿಡ್ಡನೆಯ ದಪ್ಪ ಬಾಣ. ಬಾಣಕ್ಕೆ ಎರಡು ಗುಣ: ನೋಡಲು ಗಟ್ಟಿ ಕಡ್ಡಿ, ಬಿಟ್ಟರೆ ಓಟ. ಅಷ್ಟೇ, ಎರಡೇ ಡಬ್ಬ ಸಾಕಾಯಿತು. ಕಡ್ಡಿ ಡಬ್ಬಕ್ಕೆ ಅಗುಳಿ, ನಟ್ಟು-ಬೋಲ್ಟು, ಬಟ್ಟೆಯ ಸುರುಳಿ, ಸೆಟೆದು ಕೂರುವುದು. ಓಟದ ಡಬ್ಬಕ್ಕೆ ಸಿಡಿಲು, ಬೆದರಿದ ಕುದುರೆ, ಗಬಗಬ ತಿನ್ನುವುದು, ನನ್ನ ಒಂಬತ್ತು ಸಾವಿರದ ಮೂಲಂಗಿ. ಒಂದು ಚೀಟಿ ಮಾತ್ರ ಎಲ್ಲೂ ಕೂರಲಿಲ್ಲ: ಹಿಟ್ಟು ಜರಡಿ ಹಿಡಿಯುವುದು. ಅದರ ಬೇರೇ ಬೇರೆ, ಫ್ರೆಂಚಿನಿಂದ ಬಂದದ್ದು. ಕಾಗುಣಿತ ಮಾತ್ರ ಒಂದೇ. ಅದಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಬಟ್ಟೆಯ ಬೋಲ್ಟಿಗೆ ಪದ ಸಿಕ್ಕಿದ್ದು ದಾವಣಗೆರೆಯಲ್ಲಿ, ಹತ್ತಿ ಗಿರಣಿಯಲ್ಲಿ ದುಡಿದಿದ್ದ ಅಜ್ಜನೊಬ್ಬರ ಬಾಯಲ್ಲಿ. “ಥಾನು ಅನ್ನಪ್ಪ, ಅದ್ಕೇನು ಪುಸ್ತಕ ನೋಡ್ತಿ?” ಬಸ್ ಚಾರ್ಜು, ಮಂಡಕ್ಕಿ-ಮೆಣಸಿನಕಾಯಿ ಸೇರಿ ಇನ್ನೂರು ರೂಪಾಯಿಗೆ ಒಂದು ಪದ.

ಡಬ್ಬ ಗೊತ್ತಾದ ಮೇಲೆ ಕನ್ನಡ ತಾನಾಗಿ ಬಂತು. ‘ಬೋಲ್ಟ್ ಫ್ರಮ್ ದ ಬ್ಲೂ’ಗೆ ಬರಸಿಡಿಲು: ಮಳೆಯಿಲ್ಲದೆ ಬಡಿಯುವ ಸಿಡಿಲು, ಚಿತ್ರವೂ ಅದೇ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುವ ಗಾದೆಗೆ, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು. ಕಳ್ಳ ಬೋಲ್ಟ್ ಆದರೆ ಕಾಲಿಗೆ ಬುದ್ಧಿ ಹೇಳಿದ. ಬರ್ಲಿನ್‌ನಲ್ಲಿ 2009ರಲ್ಲಿ ನೂರು ಮೀಟರನ್ನು 9.58 ಸೆಕೆಂಡಿಗೆ ಓಡಿದವನ ಹೆಸರನ್ನು ಮಾತ್ರ ಅನುವಾದಿಸಬೇಡಿ. ಒಂದು ಯಂತ್ರಾನುವಾದದಲ್ಲಿ ಅವನು ‘ಉಸೇನ್ ಚಿಲಕ’ ಆಗಿದ್ದ.

ಕಳೆದ ವರ್ಷ ಒಂದು ಕಾದಂಬರಿ ಬಂತು, ಕುದುರೆ ಲಾಯದ ಕಥೆ. ಮೂವತ್ತಕ್ಕೂ ಹೆಚ್ಚು ಕಡೆ ಬೋಲ್ಟ್. ಒಂದು ಸಂಜೆಯಲ್ಲಿ ಎಲ್ಲ ತೀರಿಸಿದೆ. ಸಂಪಾದಕರು ತಿದ್ದಿದ್ದು ಎರಡು, ಅದರಲ್ಲಿ ಒಂದು ಅಲ್ಪವಿರಾಮ. ಈಗ ದರ ಒಂದು ಎಂಬತ್ತು. ಮೇಷ್ಟ್ರು ಫೋನ್ ಮಾಡಿ ಡಬ್ಬದ ವಿಷಯ ವಿಚಾರಿಸಿದರು. ವಾಕ್ಯದಲ್ಲಿ ಯಾವ ಪದವನ್ನು ಮೊದಲು ನೋಡಿ ಡಬ್ಬ ಆರಿಸುತ್ತೇನೆ ಅನ್ನುವುದನ್ನು ಅವರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ನಡುವೆ ‘ಡ್ಯಾಶ್’ಗೂ ಕೈಹಾಕಿ ಸುಟ್ಟುಕೊಂಡೆ. ಇಂಗ್ಲಿಷಿನ ಓಟ, ಗೆರೆ, ಚಿಟಿಕೆ ಉಪ್ಪು ಎಲ್ಲ ಸರಿ. ಆದರೆ ಚೀಟಿಗೆ ವಾಕ್ಯ ಕೇಳಿದರೆ ಎಲ್ಲರೂ “ಬೈಕು ಲಾರಿಗೆ ಡ್ಯಾಶ್ ಹೊಡೀತು” ಅಂತ ನಮ್ಮದೇ ಅರ್ಥ ತಂದುಕೊಟ್ಟರು.

ಬೋಲ್ಟಿನಲ್ಲಿ ಇನ್ನೂ ಒಂದು ಚೀಟಿ ಉಳಿದಿದೆ. ಸಂಸಾರ ಸಾಕಾಗಿ ಒಬ್ಬಳು ‘ಬೋಲ್ಟೆಡ್’. ‘ಓಡಿಹೋದಳು’ ಅಂದರೆ ನಮ್ಮಲ್ಲಿ ಓದುವವರು ಯಾರ ಜೊತೆ ಅಂತ ಕೇಳುತ್ತಾರೆ. ‘ಮನೆ ಬಿಟ್ಟು ಹೋದಳು’ ಅಂದರೆ ಆ ದಿಢೀರ್ ಹೋಗುತ್ತದೆ. ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಹೊರಟೇಬಿಟ್ಟಳು’ ಅಂತ ಬರೆದಿಟ್ಟಿದ್ದೇನೆ.